ಪ್ರೇಯರ್ ಆದಮೇಲೆ ಹತ್ತು ನಿಮಿಷ ಧ್ಯಾನ: ನಿಮ್ಮ ಶಾಲೆಯಲ್ಲಿ ನಿಜಕ್ಕೂ ಏನು ನಡೀತಿದೆ?

ಚಾಕ್‌ಪೀಸ್

ಎಲ್ಲರಿಗೂ ನಮಸ್ಕಾರ. ಹಾಸನದ ಕಡೆ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ವಿಜ್ಞಾನ ಮೇಷ್ಟ್ರು ನಾನು. ಹದಿನೇಳು ವರ್ಷ ಸರ್ವಿಸ್ ಆಯಿತು. ಇಲ್ಲಿ ಸಾಮಾನ್ಯವಾಗಿ ಓದಿಕೊಂಡು ಸುಮ್ಮನೆ ಹೋಗುತ್ತೇನೆ. ಇವತ್ತು ಬರೆಯಲೇಬೇಕು ಅನಿಸಿತು.

2022ರ ನವೆಂಬರ್‌ನಲ್ಲಿ ಆಗಿನ ಶಿಕ್ಷಣ ಸಚಿವ ಬಿ.ಸಿ. ನಾಗೇಶ್ ಅವರು ಶಾಲೆ, ಪಿಯು ಕಾಲೇಜುಗಳಲ್ಲಿ ದಿನಾ ಹತ್ತು ನಿಮಿಷ ಧ್ಯಾನ ಮಾಡಿಸಬೇಕು ಎಂದಿದ್ದು ನೆನಪಿರಬಹುದು. ಪೇಪರ್‌ನಲ್ಲಿ ಪರ, ವಿರೋಧ ಎರಡೂ ಜೋರಾಗಿ ಬಂತು. ನಮ್ಮ ಶಾಲೆಯಲ್ಲಿ ಮಾತ್ರ ಏನೂ ಆಗಲಿಲ್ಲ. ಈ ವರ್ಷ ಜೂನ್‌ನಲ್ಲಿ ಹೊಸ ಎಚ್‌ಎಂ ಬಂದರು. ಅವರಿಗೆ ಇದರಲ್ಲಿ ನಿಜವಾದ ಆಸಕ್ತಿ. ಮನೆಯಲ್ಲಿ ದಿನಾ ಕೂರುವವರು. "ವಿಜ್ಞಾನದವರು ಹೇಳಿದರೆ ಮಕ್ಕಳು ನಂಬುತ್ತಾರೆ" ಅಂತ ಜವಾಬ್ದಾರಿ ನನ್ನ ತಲೆಗೆ ಕಟ್ಟಿದರು.

ಹೇಗೆ ನಡೆಯುತ್ತದೆ ಹೇಳುತ್ತೇನೆ. ಪ್ರೇಯರ್, ನಾಡಗೀತೆ, ಪೇಪರ್ ಓದುವುದು ಎಲ್ಲ ಮುಗಿದಮೇಲೆ 240 ಮಕ್ಕಳು ಮೈದಾನದಲ್ಲೇ ಕೂರುತ್ತಾರೆ. ನಾನು ಮೈಕ್‌ನಲ್ಲಿ "ಬೆನ್ನು ನೆಟ್ಟಗೆ, ಕಣ್ಣು ಮುಚ್ಚಿ, ಉಸಿರು ಗಮನಿಸಿ" ಅನ್ನುತ್ತೇನೆ. ಪಿ.ಟಿ. ಮೇಷ್ಟ್ರು ಸಾಲುಗಳ ಮಧ್ಯೆ ಕೋಲು ಹಿಡಿದು ಓಡಾಡುತ್ತಾರೆ, ಕಣ್ಣು ಬಿಟ್ಟವರಿಗೆ ತಲೆಯ ಮೇಲೆ ಒಂದು ತಟ್ಟು. ಉಳಿದ ಶಿಕ್ಷಕರು ಆ ಹೊತ್ತಿನಲ್ಲಿ ಹಾಜರಿ ಬರೆಯುತ್ತಾರೆ, ಮೊಟ್ಟೆ ಎಷ್ಟು, ಬಾಳೆಹಣ್ಣು ಎಷ್ಟು ಅಂತ ಲೆಕ್ಕ ಹಾಕುತ್ತಾರೆ. ನಾನೂ ಕಣ್ಣು ಮುಚ್ಚುವುದಿಲ್ಲ. ಮುಚ್ಚಿದರೆ ಹಿಂದಿನ ಸಾಲಿನಲ್ಲಿ ಕಲ್ಲಾಟ ಶುರು.

ಮೊದಲ ವಾರ ಬರೀ ನಗು. ಎರಡನೇ ವಾರ ಸ್ವಲ್ಪ ಶಾಂತಿ ಬಂತು, ಮೊದಲ ಪಿರಿಯಡ್‌ನಲ್ಲಿ ಗಲಾಟೆ ಕಮ್ಮಿಯಾದ ಹಾಗೆ ನನಗೇ ಅನಿಸಿತು. ಮೂರನೇ ವಾರ ಎಂಟನೇ ಕ್ಲಾಸಿನ ಒಬ್ಬಳು ಹುಡುಗಿ ಕಣ್ಣು ಮುಚ್ಚಿದವಳು ಬಿಕ್ಕಿ ಬಿಕ್ಕಿ ಅಳಲು ಶುರು ಮಾಡಿದಳು. ಮಾರನೇ ದಿನ ಶಾಲೆಗೇ ಬರಲಿಲ್ಲ. ಆಮೇಲೆ ಗೊತ್ತಾಯಿತು, ಹೋದ ವರ್ಷ ಅವರ ಮನೆಯಲ್ಲಿ ಒಂದು ಸಾವಾಗಿದೆ, ಈ ಮಗುವಿನ ಕಣ್ಣೆದುರೇ. "ಕಣ್ಣು ಮುಚ್ಚಿದ್ರೆ ಅದೇ ಬರುತ್ತೆ ಸರ್" ಅಂದಳು.

ನಾನು ಹೇಳಿಕೊಟ್ಟಿದ್ದು ಏನು, ಅವಳಿಗೆ ಆಗಿದ್ದು ಏನು ಅಂತ ಎರಡು ದಿನದಿಂದ ನಿದ್ದೆ ಇಲ್ಲ. ನಿಲ್ಲಿಸಿಬಿಡಲೇ? ಬೇರೆ ಥರ ಮಾಡಲೇ? ಮಾಡಿ ನೋಡಿದವರು ಹೇಳಿ. ಧ್ಯಾನದ ಮಹಿಮೆ ಬಗ್ಗೆ ಭಾಷಣ ಬೇಡ, ಅದು ನನ್ನ ಫೋನಿಗೆ ಬೆಳಿಗ್ಗೆ ಎದ್ದರೆ ಹತ್ತು ಬಂದಿರುತ್ತದೆ.

ಖಾರಾಮಂಡಕ್ಕಿ

ಮೇಷ್ಟ್ರೇ, ಕೋಲು ಹಿಡಿದು ಧ್ಯಾನ ಮಾಡಿಸುವ ಚಿತ್ರ ಕಣ್ಣಿಗೆ ಕಟ್ಟಿತು. ನಗಬೇಕೋ ಅಳಬೇಕೋ ಗೊತ್ತಾಗಲಿಲ್ಲ.

ನಮ್ಮ ಮಗ ದಾವಣಗೆರೆಯಲ್ಲಿ ಖಾಸಗಿ ಶಾಲೆ. ಅಲ್ಲಿ ಧ್ಯಾನ ಅನ್ನುವುದಿಲ್ಲ, "ಮೈಂಡ್‌ಫುಲ್‌ನೆಸ್" ಅನ್ನುತ್ತಾರೆ, ಅದಕ್ಕೆ ಫೀಸಿನಲ್ಲಿ ಬೇರೆ ಸಾಲು ಇದೆ. ಏನು ಕಲಿತೆ ಅಂದರೆ "ಎಸಿ ಹಾಲ್ ಅಮ್ಮ, ಚೆನ್ನಾಗಿ ನಿದ್ದೆ ಬರುತ್ತೆ" ಅಂದ. ಆರೂವರೆಗೆ ಎಬ್ಬಿಸಿ ವ್ಯಾನ್ ಹತ್ತಿಸುವ ಮಗುವಿಗೆ ಆ ನಿದ್ದೆಯೇ ದೊಡ್ಡ ಉಪಕಾರ ಬಿಡಿ.

ತುಂಗೆದಂಡೆ

ನನ್ನದು ಸ್ವಲ್ಪ ಬೇರೆ ಅಭಿಪ್ರಾಯ. ನಿಲ್ಲಿಸಬೇಡಿ.

ನಾನು ಒಂಬತ್ತನೇ ಕ್ಲಾಸಿನಲ್ಲಿದ್ದಾಗ ಪುಣೆಯ ಚಿಕ್ಕಪ್ಪನ ಮನೆಗೆ ರಜೆಗೆ ಹೋಗಿದ್ದೆ. ಅಲ್ಲಿ ಮಕ್ಕಳ ಆನಾಪಾನ ಶಿಬಿರಕ್ಕೆ ಕಳಿಸಿದರು. ಎಸ್.ಎನ್. ಗೋಯೆಂಕಾ ಅವರ ವಿಪಶ್ಯನ ಧ್ಯಾನ ಪರಂಪರೆಯದು. ಮಂತ್ರ ಇಲ್ಲ, ದೇವರ ಫೋಟೋ ಇಲ್ಲ. ಮೂಗಿನ ಹತ್ತಿರ ಉಸಿರು ಬರುವುದು ಹೋಗುವುದು ನೋಡುತ್ತಿರು, ಅಷ್ಟೇ. ಮನಸ್ಸು ಓಡಿಹೋದರೆ ಬೈಯಬೇಡ, ವಾಪಸ್ ಕರೆದುಕೊಂಡು ಬಾ ಅಂದರು. ಆ ಒಂದು ಮಾತು ನನಗೆ ಎಸ್‌ಎಸ್‌ಎಲ್‌ಸಿ ಗಣಿತದ ದಿನ ಕೈ ನಡುಗುವಾಗ ಕೆಲಸಕ್ಕೆ ಬಂತು. ಈಗ ನಲವತ್ತೊಂದು ವರ್ಷ, ಈಗಲೂ ಬರುತ್ತದೆ.

ಮಹಾರಾಷ್ಟ್ರದಲ್ಲಿ ಸರ್ಕಾರವೇ ಇದನ್ನು "ಮಿತ್ರ" ಅನ್ನುವ ಹೆಸರಿನಲ್ಲಿ ಶಾಲೆಗಳಿಗೆ ತಂದಿತು. ಅವರು ಮಕ್ಕಳಿಗಿಂತ ಮೊದಲು ಶಿಕ್ಷಕರನ್ನೇ ಹತ್ತು ದಿನದ ಶಿಬಿರಕ್ಕೆ ಕಳಿಸಲು ನೋಡಿದರು. ನಿಮ್ಮಲ್ಲಿ ಆಗಿಲ್ಲದೆ ಇರುವುದು ಅದು. ಮೇಷ್ಟ್ರಿಗೆ ಈಜು ಬರದೆ ಮಕ್ಕಳನ್ನು ಕೆರೆಗೆ ಇಳಿಸಿದರೆ ತಪ್ಪು ಕೆರೆಯದಾ?

ಮೂರನೇಬೆಂಚು

ನಾನು ಸೆಕೆಂಡ್ ಪಿಯು. ಇಲ್ಲಿ ಬರೆಯುವವರೆಲ್ಲ ದೊಡ್ಡವರು, ಅದಕ್ಕೆ ಒಂದು ಮಾತು.

ಬೆಳಿಗ್ಗೆ ಹತ್ತು ನಿಮಿಷ ಸ್ಟ್ರೆಸ್ ಬಿಡು ಅಂತೀರಿ. ಆಮೇಲೆ ಏಳು ಗಂಟೆ ಅದೇ ಸ್ಟ್ರೆಸ್ ಕೊಡ್ತೀರಿ. ಎನ್‌ಸಿಇಆರ್‌ಟಿ 2022ರಲ್ಲಿ ದೇಶದ 3.79 ಲಕ್ಷ ಮಕ್ಕಳನ್ನು ಕೇಳಿತ್ತು. 81% ಮಕ್ಕಳು ಆತಂಕಕ್ಕೆ ಕಾರಣ ಓದು, ಪರೀಕ್ಷೆ, ರಿಸಲ್ಟ್ ಅಂದರು. ನಮ್ಮ ಕಾಲೇಜಿನಲ್ಲಿ ಟೆಸ್ಟ್ ರ‍್ಯಾಂಕ್ ಪಟ್ಟಿ ಬಾಗಿಲಿಗೆ ಅಂಟಿಸುತ್ತಾರೆ. ಕೊನೆಯ ಹತ್ತು ಹೆಸರಿಗೆ ಕೆಂಪು ಇಂಕು. ಆ ಪಟ್ಟಿ ತೆಗೆದರೆ ನನಗೆ ಧ್ಯಾನ ಬೇಡ.

ಖಾರಾಮಂಡಕ್ಕಿ

@ಮೂರನೇಬೆಂಚು ನಿನ್ನ ಮಾತಿಗೆ ನೂರು ಮಾರ್ಕ್ಸ್ ಕಣಪ್ಪ. ಬಾಗಿಲಿಗೆ ಅಂಟಿಸಲ್ಲ.

ಲೀಡ್ಸ್‌ಕನ್ನಡಿಗ

ಮೇಷ್ಟ್ರೇ, ನೀವು ಕೇಳಿದ ಪ್ರಶ್ನೆಯನ್ನೇ ಇಲ್ಲಿ ಇಂಗ್ಲೆಂಡಿನಲ್ಲಿ ದೊಡ್ಡ ಮಟ್ಟದಲ್ಲಿ ಕೇಳಿ, ಉತ್ತರ ಹುಡುಕಿದ್ದಾರೆ. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಆಕ್ಸ್‌ಫರ್ಡ್‌ನ ವಿಲ್ಲೆಮ್ ಕೈಕನ್ ಮತ್ತು ಜೊತೆಯವರು "ಮಿರಿಯಡ್" ಅಂತ ಒಂದು ಅಧ್ಯಯನ ಮಾಡಿದರು. 80ಕ್ಕೂ ಹೆಚ್ಚು ಶಾಲೆ, 8,000ಕ್ಕೂ ಹೆಚ್ಚು ಮಕ್ಕಳು, ವಯಸ್ಸು 11ರಿಂದ 14. ಅರ್ಧ ಶಾಲೆಗಳಿಗೆ ಮೈಂಡ್‌ಫುಲ್‌ನೆಸ್ ಪಾಠ, ಹತ್ತು ಕ್ಲಾಸು. ಇನ್ನರ್ಧ ಶಾಲೆಗಳು ತಾವು ಮೊದಲಿಂದ ಮಾಡುತ್ತಿದ್ದ ಭಾವನೆ, ನಡವಳಿಕೆ ಕುರಿತ ಪಾಠಗಳನ್ನೇ ಮುಂದುವರಿಸಿದವು. ಯಾವ ಶಾಲೆಗೆ ಯಾವುದು ಅಂತ ಚೀಟಿ ಎತ್ತಿದ ಹಾಗೆ ಹಂಚಿದರು. ಹಾಗಾಗಿ ಚೆನ್ನಾಗಿರುವ ಶಾಲೆ ಮಾತ್ರ ಧ್ಯಾನ ಆರಿಸಿಕೊಂಡಿತು ಅನ್ನುವ ಹಾಗಿಲ್ಲ. ಪಾಠ ಮಾಡುವ ಶಿಕ್ಷಕರೂ ಮೊದಲು ತಾವೇ ಎಂಟು ವಾರ ಕಲಿತರು. @ತುಂಗೆದಂಡೆ, ನೀವು ಹೇಳಿದ ಈಜು ಅವರಿಗೆ ಬರುತ್ತಿತ್ತು.

ಫಲಿತಾಂಶ 2022ರ ಜುಲೈನಲ್ಲಿ ಬಂತು. ಒಂದು ವರ್ಷದ ನಂತರ ಅಳೆದರೆ ಖಿನ್ನತೆಯ ಅಪಾಯದಲ್ಲಾಗಲಿ, ನೆಮ್ಮದಿಯಲ್ಲಾಗಲಿ ಎರಡೂ ಗುಂಪಿಗೆ ವ್ಯತ್ಯಾಸವೇ ಇಲ್ಲ. ಹೆಚ್ಚಿನ ಮಕ್ಕಳು ಮನೆಯಲ್ಲಿ ಒಂದು ದಿನವೂ ಸರಿಯಾಗಿ ಮಾಡಿರಲಿಲ್ಲ. ಅದು ಬಿಡಿ. ಮೊದಲೇ ಮನಸ್ಸಿನ ತೊಂದರೆ ಇದ್ದ ಮಕ್ಕಳಲ್ಲಿ ಕೆಲವು ವಿಷಯಗಳಲ್ಲಿ ಸ್ವಲ್ಪ ಹೆಚ್ಚು ಕಷ್ಟ ಆಗಿರುವ ಸೂಚನೆ ಕೂಡ ಕಂಡಿತು. ನಿಮ್ಮ ಎಂಟನೇ ಕ್ಲಾಸಿನ ಹುಡುಗಿಯ ವಿಷಯ ಓದಿದಾಗ ನನಗೆ ತಟ್ಟನೆ ಅದೇ ನೆನಪಾಯಿತು.

ಆದರೆ ಅದೇ ಅಧ್ಯಯನದಲ್ಲಿ ಇನ್ನೊಂದು ವಿಷಯ ಇದೆ, ಅದನ್ನು ಯಾರೂ ಹೆಚ್ಚು ಹೇಳುವುದಿಲ್ಲ. ಲಾಭ ಆಗಿದ್ದು ಮೇಷ್ಟ್ರುಗಳಿಗೆ! ಅವರ ಬಳಲಿಕೆ ಕಮ್ಮಿಯಾಯಿತು. ಶಾಲೆಯ ಒಟ್ಟು ವಾತಾವರಣವೂ ಕೆಲಕಾಲ ಸುಧಾರಿಸಿತು.

ನನ್ನ ಮಗಳ ಶಾಲೆಯಲ್ಲೂ ಇಂಥದ್ದೇ ಪಾಠ ಇತ್ತು. ಒಂದು ದಿನ ಚಾಕಲೇಟ್ ಕೊಟ್ಟು ನಿಧಾನವಾಗಿ ತಿನ್ನಿ, ರುಚಿ ಗಮನಿಸಿ ಅಂದರಂತೆ. ಇವಳು ಗಬಕ್ಕನೆ ನುಂಗಿ, ಪಕ್ಕದವಳದ್ದನ್ನು ಗಮನಿಸಿದಳಂತೆ.

ತುಂಗೆದಂಡೆ

ಒಳ್ಳೆಯ ಮಾಹಿತಿ ಸರ್, ಒಪ್ಪುತ್ತೇನೆ. ಆದರೆ "ಎಲ್ಲ ಮಕ್ಕಳಿಗೂ ಒಟ್ಟಿಗೆ, ಬೇಕೋ ಬೇಡವೋ ಕೇಳದೆ ಕೊಟ್ಟರೆ ಸರಾಸರಿಯಲ್ಲಿ ಏನೂ ಕಾಣಲಿಲ್ಲ" ಅನ್ನುವುದೂ "ಯಾರಿಗೂ ಪ್ರಯೋಜನ ಇಲ್ಲ" ಅನ್ನುವುದೂ ಒಂದೇ ಅಲ್ಲ, ಅಲ್ವಾ? ನನ್ನ ಶಿಬಿರಕ್ಕೆ ಬಂದವರು ಬರಲೆಂದು ಬಂದವರು. ಇವತ್ತಿನ ಮೈಂಡ್‌ಫುಲ್‌ನೆಸ್ ಕಾರ್ಯಕ್ರಮಗಳಿಗೆ ದಾರಿ ಹಾಕಿದ ಜಾನ್ ಕಬಟ್-ಜಿನ್ 1979ರಲ್ಲಿ ಅಮೆರಿಕದ ಆಸ್ಪತ್ರೆಯೊಂದರಲ್ಲಿ ಶುರು ಮಾಡಿದಾಗಲೂ ಬಂದವರು ವರ್ಷಾನುಗಟ್ಟಲೆ ನೋವು ತಿಂದು, ಬೇರೆ ದಾರಿ ಕಾಣದೆ ತಾವಾಗಿ ಬಂದ ದೊಡ್ಡವರು. ಎಂಟು ವಾರ, ಮನೆಯಲ್ಲೂ ದಿನಾ ಅಭ್ಯಾಸ. ಅದನ್ನು ಹದಿಮೂರು ವರ್ಷದ ಹುಡುಗರಿಗೆ, ಅದೂ ಗಣಿತ ಮತ್ತು ಇಂಗ್ಲಿಷ್ ಮಧ್ಯೆ ಇಟ್ಟರೆ ಅದೇ ಫಲ ಬರಲಿ ಅಂದರೆ ಹೇಗೆ?

ಲೀಡ್ಸ್‌ಕನ್ನಡಿಗ

ಇದನ್ನು ಪೂರ್ತಿ ಒಪ್ಪಿದೆ. ನನ್ನ ತಕರಾರು ಇರುವುದು "ಕಡ್ಡಾಯ" ಅನ್ನುವ ಪದದ ಮೇಲೆ ಮಾತ್ರ.

ಯಮುನಾತೀರ

ಧಾರವಾಡದವಳು, ಮದುವೆಯಾಗಿ ದೆಹಲಿಗೆ ಬಂದು ಹದಿನೈದು ವರ್ಷ. ಇಲ್ಲಿನ ಸರ್ಕಾರಿ ಶಾಲೆಯಲ್ಲಿ ಕೆಲಸ. ನಮ್ಮ "ಹ್ಯಾಪಿನೆಸ್ ಕ್ಲಾಸ್" ಬಗ್ಗೆ ಒಂದೆರಡು ಮಾತು.

2018ರ ಜುಲೈ 2ರಂದು ದಲೈ ಲಾಮಾ ಅವರ ಸಮ್ಮುಖದಲ್ಲಿ ಶುರುವಾಯಿತು. ನರ್ಸರಿಯಿಂದ ಎಂಟನೇ ಕ್ಲಾಸಿನವರೆಗೆ ದಿನಕ್ಕೊಂದು ಪಿರಿಯಡ್ ಇತ್ತು. ಶುರುವಿನಲ್ಲಿ ಎರಡು ಮೂರು ನಿಮಿಷ ಸುಮ್ಮನೆ ಕೂತು ಸದ್ದು ಕೇಳುವುದು, ಉಸಿರು ನೋಡುವುದು. ಆಮೇಲೆ ಕಥೆ ಅಥವಾ ಚಟುವಟಿಕೆ, ಅದರ ಮೇಲೆ ಮಾತುಕತೆ. ಪರೀಕ್ಷೆ ಇರಲಿಲ್ಲ, ಮಾರ್ಕ್ಸ್ ಇರಲಿಲ್ಲ. 2020ರ ಫೆಬ್ರುವರಿಯಲ್ಲಿ ಟ್ರಂಪ್ ಅವರ ಹೆಂಡತಿ ಮೆಲಾನಿಯಾ ಬಂದು ನೋಡಿಹೋದಾಗ ಭಾರಿ ಸುದ್ದಿಯಾಯಿತು.

ಸುದ್ದಿ ಬಿಡಿ. ಕ್ಲಾಸ್‌ರೂಮಿನಲ್ಲಿ ನಾನು ಕಂಡದ್ದು ಇದು. ಕಣ್ಣು ಮುಚ್ಚುವ ಭಾಗಕ್ಕಿಂತ ಆಮೇಲಿನ ಮಾತಿನ ಭಾಗವೇ ಕೆಲಸ ಮಾಡಿತು. "ನಿನ್ನೆ ಮನೆಯಲ್ಲಿ ಯಾರಿಗೆ ಥ್ಯಾಂಕ್ಸ್ ಹೇಳಬೇಕು ಅನಿಸಿತು?" ಅಂತ ಕೇಳಿದೆ. ಐದನೇ ಕ್ಲಾಸಿನ ಹುಡುಗ ಎದ್ದು "ಅಪ್ಪ ನಿನ್ನೆ ಕುಡಿದು ಬಂದಿರಲಿಲ್ಲ, ಅಪ್ಪನಿಗೆ" ಅಂದ. ಕ್ಲಾಸಿನಲ್ಲಿ ಯಾರೂ ನಗಲಿಲ್ಲ. ಮೂರು ವರ್ಷದಿಂದ ಅವನಿಗೆ ಪಾಠ ಮಾಡುತ್ತಿದ್ದೆ, ಅವನ ಮನೆಯ ವಿಷಯ ಅವತ್ತೇ ಗೊತ್ತಾಗಿದ್ದು.

ಕೊರತೆಯೂ ಹೇಳಬೇಕು. ಸಿಲೆಬಸ್ ಉಳಿದಾಗ ಎಷ್ಟೋ ಕಡೆ ಮೊದಲು ನುಂಗಿಹೋಗುತ್ತಿದ್ದುದು ಇದೇ ಪಿರಿಯಡ್. ನಾನೂ ನುಂಗಿದ್ದೇನೆ, ಸುಳ್ಳು ಯಾಕೆ ಹೇಳಲಿ.

ಬೇಲೂರುರಸ್ತೆ

ಒಂದು ಸೂಕ್ಷ್ಮ ವಿಷಯ, ಯಾರೂ ತಪ್ಪು ತಿಳಿಯಬೇಡಿ. ನಾವು ಮುಸ್ಲಿಮರು. ಮಗಳ ಶಾಲೆಯಲ್ಲಿ ಧ್ಯಾನಕ್ಕೆ ಮೊದಲು ಮೂರು ಸಲ ಓಂಕಾರ ಹೇಳಿಸುತ್ತಾರೆ. ಉಸಿರಾಟಕ್ಕೆ ನಮ್ಮದೇನೂ ಅಭ್ಯಂತರ ಇಲ್ಲ, ನಮ್ಮ ಮನೆಯಲ್ಲೂ ತಸ್ಬೀಹ್ (ಜಪಮಾಲೆ) ಹಿಡಿದು ಸುಮ್ಮನೆ ಕೂರುವ ಅಜ್ಜಿ ಇದ್ದಾರೆ. ಓಂ ಹೇಳುವಾಗ ಮಗಳು ಬರೀ ತುಟಿ ಆಡಿಸುತ್ತಾಳಂತೆ. "ಸುಮ್ನೆ ಇದ್ರೆ ಎಲ್ರೂ ನೋಡ್ತಾರೆ ಅಬ್ಬಾ" ಅಂದಳು. ಹೋಗಿ ಕೇಳೋಣ ಅಂದರೆ, ಕೇಳಿದವರ ಮಗಳು ಅಂತ ಅವಳಿಗೆ ಇನ್ನೊಂದು ಹೆಸರು ಬರುತ್ತದೆ. ಧ್ಯಾನ ಮಾಡುವಾಗ ಮಗುವಿಗೆ ಟೆನ್ಷನ್ ಆದರೆ ಅದು ಯಾವ ಧ್ಯಾನ?

ಕರಿಕೋಟು

@ಬೇಲೂರುರಸ್ತೆ ಸಾಹೇಬರೇ, ನೀವು ಕೇಳುವುದರಲ್ಲಿ ತಪ್ಪೇನೂ ಇಲ್ಲ. ಸಂವಿಧಾನದ 28ನೇ ವಿಧಿ ಪೂರ್ತಿ ಸರ್ಕಾರದ ಹಣದಲ್ಲಿ ನಡೆಯುವ ಶಾಲೆಯಲ್ಲಿ ಧಾರ್ಮಿಕ ಬೋಧನೆ ಕೂಡದು ಅನ್ನುತ್ತದೆ. ಸರ್ಕಾರದ ಮಾನ್ಯತೆ ಅಥವಾ ಅನುದಾನ ಇರುವ ಶಾಲೆಯಾದರೆ ಪೋಷಕರ ಒಪ್ಪಿಗೆ ಇಲ್ಲದೆ ಮಗುವನ್ನು ಧಾರ್ಮಿಕ ಪೂಜೆ, ಬೋಧನೆಯಲ್ಲಿ ಕೂರಿಸುವ ಹಾಗಿಲ್ಲ. ಧ್ಯಾನ ಧಾರ್ಮಿಕವೋ ಅಲ್ಲವೋ ಅನ್ನುವ ವಾದ ಎಷ್ಟು ಬೇಕಾದರೂ ಎಳೆಯಬಹುದು. ಆದರೆ ಬಾಯಿ ಮುಚ್ಚಿಕೊಂಡಿರುವ ಹಕ್ಕು ಮಗುವಿಗೆ ಇದೆ. 1986ರಲ್ಲಿ ಕೇರಳದ ಮೂವರು ಮಕ್ಕಳ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಇದನ್ನು ಹೇಳಿದೆ. ಅವರು ರಾಷ್ಟ್ರಗೀತೆಗೆ ಗೌರವದಿಂದ ಎದ್ದು ನಿಲ್ಲುತ್ತಿದ್ದರು, ನಂಬಿಕೆಯ ಕಾರಣಕ್ಕೆ ಹಾಡುತ್ತಿರಲಿಲ್ಲ. ಶಾಲೆ ಹೊರಗೆ ಹಾಕಿದ್ದು ತಪ್ಪು ಅಂತ ತೀರ್ಪು ಬಂತು. ರಾಷ್ಟ್ರಗೀತೆಗೇ ಹಾಗಾದರೆ ಓಂಕಾರದ ಮಾತೇನು.

ಈ ಜಗಳ ನಮ್ಮಲ್ಲಿ ಮಾತ್ರ ಅಂದುಕೊಳ್ಳಬೇಡಿ. 1970ರ ದಶಕದಲ್ಲಿ ಅಮೆರಿಕದ ನ್ಯೂಜೆರ್ಸಿಯ ಕೆಲವು ಸರ್ಕಾರಿ ಹೈಸ್ಕೂಲುಗಳಲ್ಲಿ ಮಹರ್ಷಿ ಮಹೇಶ್ ಯೋಗಿಯವರ ಅತೀಂದ್ರಿಯ ಧ್ಯಾನ ಕಲಿಸಿದರು. ವಿಜ್ಞಾನ ಅಂತಲೇ ಹೇಳಿದ್ದರು. ಮಂತ್ರ ಪಡೆಯುವ ದಿನ ಮಕ್ಕಳು ಹೂವು, ಹಣ್ಣು, ಕರವಸ್ತ್ರ ತರಬೇಕು, ಎದುರಿಗೆ ಸಂಸ್ಕೃತದಲ್ಲಿ ಗುರುಪೂಜೆ. ಪೋಷಕರು ಕೋರ್ಟಿಗೆ ಹೋದರು. 1979ರಲ್ಲಿ ಮೇಲ್ಮನವಿ ಕೋರ್ಟ್ ಕೂಡ ಇದು ಧಾರ್ಮಿಕವೇ, ಸರ್ಕಾರಿ ಶಾಲೆಯಲ್ಲಿ ಬೇಡ ಅಂದಿತು. ಅಲಬಾಮಾ ರಾಜ್ಯ ಇನ್ನೂ ಮುಂದೆ ಹೋಗಿ 1993ರಲ್ಲಿ ಶಾಲೆಗಳಲ್ಲಿ ಯೋಗವನ್ನೇ ನಿಷೇಧಿಸಿತು. 2021ರಲ್ಲಿ ನಿಷೇಧ ತೆಗೆದರೂ "ನಮಸ್ತೆ" ಅನ್ನಬಾರದು, ಆಸನಗಳಿಗೆ ಇಂಗ್ಲಿಷ್ ಹೆಸರೇ ಇರಬೇಕು ಅಂತ ಷರತ್ತು! ಅದೊಂದು ಅತಿ, ಇದೊಂದು ಅತಿ.

ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆಯಲ್ಲಿ ನಿಮ್ಮ ಜೊತೆ ಇನ್ನಿಬ್ಬರು ಪೋಷಕರನ್ನು ಸೇರಿಸಿಕೊಂಡು ಕೇಳಿ. ಒಬ್ಬರೇ ಕೇಳಿದರೆ "ಅವರು" ಅಂತಾರೆ, ಮೂವರು ಕೇಳಿದರೆ "ಪೋಷಕರು" ಅಂತಾರೆ.

ಖಾರಾಮಂಡಕ್ಕಿ

ಆ ಮೂವರಲ್ಲಿ ಒಬ್ಬಳು ನಾನು ಆಗುತ್ತಿದ್ದೆ, ಊರು ದೂರ ಆಯಿತು. ನಮ್ಮ ಬೀದಿಯಲ್ಲಿ ಕುಂಕುಮ ಇಟ್ಟ ಯಾರಾದರೂ ಒಬ್ಬರು ಮೊದಲು ಮಾತಾಡಿದರೆ ಕೆಲಸ ಸುಲಭ ಅಂತ ಅನುಭವದಿಂದ ಹೇಳುತ್ತಿದ್ದೇನೆ.

ಕಿವಿಗೊಡುವವಳು

ಮೇಷ್ಟ್ರ ಮೂಲ ಪ್ರಶ್ನೆಗೆ ಯಾರೂ ಇನ್ನೂ ಉತ್ತರ ಕೊಟ್ಟ ಹಾಗೆ ಕಾಣಲಿಲ್ಲ. ಆ ಹುಡುಗಿಗೆ ಏನು ಮಾಡಬೇಕು? ನಾನು ಮಕ್ಕಳ ಆಪ್ತಸಮಾಲೋಚಕಿ, ಹನ್ನೊಂದು ವರ್ಷದಿಂದ.

ಮೊದಲು ನಿಮಗೆ ಸಮಾಧಾನ. ನೀವು ಅವಳಿಗೆ ಗಾಯ ಮಾಡಿಲ್ಲ, ಗಾಯ ಅಲ್ಲೇ ಇತ್ತು. ದಿನವಿಡೀ ಗಲಾಟೆ, ಕೆಲಸ, ಆಟದಲ್ಲಿ ಅದನ್ನು ದೂರ ಇಟ್ಟುಕೊಂಡಿದ್ದಳು. ಕಣ್ಣು ಮುಚ್ಚಿ, ಒಳಗೆ ನೋಡು ಅಂದಾಗ ನೋಡಲು ಸಿಕ್ಕಿದ್ದು ಅದೇ. ದುಃಖ, ಭಯ ಕಂಡ ಮಕ್ಕಳಲ್ಲಿ ಇದು ಅಪರೂಪ ಏನಲ್ಲ. ದೊಡ್ಡವರಲ್ಲೂ ಆಗುತ್ತದೆ. ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯದಲ್ಲಿ ವಿಲೋಬಿ ಬ್ರಿಟನ್ ಅನ್ನುವವರು ಧ್ಯಾನದಿಂದ ಕೆಲವರಿಗೆ ಆಗುವ ತೊಂದರೆಗಳನ್ನೇ ವರ್ಷಗಟ್ಟಲೆ ಅಧ್ಯಯನ ಮಾಡಿದ್ದಾರೆ.

ಈಗ ಮಾಡಬೇಕಾದ್ದು. ಕಣ್ಣು ಮುಚ್ಚಿ ಅನ್ನುವುದನ್ನು ಇವತ್ತೇ ಬಿಡಿ. "ಬೇಕಾದವರು ಮುಚ್ಚಿ, ಬೇಡವಾದವರು ನೆಲ ನೋಡಿ, ಮರ ನೋಡಿ" ಅನ್ನಿ. ಉಸಿರೇ ಆಗಬೇಕಿಲ್ಲ. ಕೆಲವು ಮಕ್ಕಳಿಗೆ, ಮುಖ್ಯವಾಗಿ ಉಬ್ಬಸ ಇದ್ದವರಿಗೆ, ಉಸಿರಿನ ಮೇಲೆ ಗಮನ ಇಟ್ಟರೆ ಗಾಬರಿ ಜಾಸ್ತಿ. ಅಂಗಾಲು ನೆಲಕ್ಕೆ ತಾಗುವುದನ್ನು ಗಮನಿಸಲಿ. ದೂರದ ಸದ್ದು ಒಂದು, ಹತ್ತಿರದ ಸದ್ದು ಒಂದು ಹುಡುಕಲಿ. ಕೈಯಲ್ಲಿ ಒಂದು ಕಲ್ಲು ಹಿಡಿದು ಅದರ ತಣುಪು ನೋಡಲಿ. ಹೊರಗಿನ ಯಾವುದಾದರೂ ಒಂದು ವಸ್ತು ಹಿಡಿತಕ್ಕೆ ಸಿಕ್ಕರೆ ಮನಸ್ಸು ಒಳಗಿನ ಚಿತ್ರದಲ್ಲಿ ಮುಳುಗುವುದಿಲ್ಲ.

ಹತ್ತು ನಿಮಿಷ ಜಾಸ್ತಿಯಾಯಿತು. ಎರಡು ನಿಮಿಷ ಸಾಕು. ನಿಧಾನ ಮಾಡಿಸಿದರೆ ಉಸಿರು ಬಿಡುವುದನ್ನು ಉದ್ದ ಮಾಡಿಸಿ. ನೀವು ವಿಜ್ಞಾನದವರು, ನಿಮಗೆ ಹೇಳಬೇಕಿಲ್ಲ, ಉಸಿರು ಬಿಡುವಾಗ ವೇಗಸ್ ನರದ ಪ್ರಭಾವ ಹೆಚ್ಚಿ ಹೃದಯದ ಬಡಿತ ಸ್ವಲ್ಪ ಇಳಿಯುತ್ತದೆ. ಮಕ್ಕಳಿಗೆ ಮಣಿಕಟ್ಟಿನ ನಾಡಿ ಹಿಡಿದು ನೋಡಲು ಹೇಳಿ. ಅದು ಧ್ಯಾನವೂ ಹೌದು, ಜೀವಶಾಸ್ತ್ರದ ಪ್ರಾಕ್ಟಿಕಲ್ಲೂ ಹೌದು.

ಕೋಲು ಇರುವ ಕಡೆ ಇದು ಯಾವುದೂ ನಡೆಯಲ್ಲ. ಹಿಂದೆ ಯಾರೋ ಓಡಾಡುತ್ತಿದ್ದಾರೆ, ಯಾವಾಗ ತಟ್ಟುತ್ತಾರೋ ಗೊತ್ತಿಲ್ಲ. ಅಂಥ ಕಡೆ ಕಣ್ಣು ಮುಚ್ಚುವುದು ಯಾವ ಪ್ರಾಣಿಗೂ ಆಗದ ಕೆಲಸ.

ಆಮೇಲೆ ಆ ಮಗು. ಅವಳಿಗೆ ಧ್ಯಾನ ಬೇಡ, ಮಾತಾಡಲು ಒಬ್ಬರು ಬೇಕು. ನೀವೇ ಆಗಬಹುದು, ಅವಳಿಗೆ ಹಿಡಿಸಿದ ಮೇಡಂ ಯಾರಾದರೂ ಆಗಬಹುದು. ಬಿಸಿಯೂಟ ಆದಮೇಲೆ ಹತ್ತು ನಿಮಿಷ ಪಕ್ಕದಲ್ಲಿ ಕೂತರೆ ಸಾಕು. ಕೆದಕಬೇಡಿ. ನಿದ್ದೆ ಬರುತ್ತಾ, ಊಟ ಸೇರುತ್ತಾ ಕೇಳಿ. ಎರಡು ವಾರದಲ್ಲಿ ಸರಿ ಹೋಗದಿದ್ದರೆ ಮನೆಯವರ ಒಪ್ಪಿಗೆ ತೆಗೆದುಕೊಂಡು ಜಿಲ್ಲಾ ಆಸ್ಪತ್ರೆಯ ಮಾನಸಿಕ ಆರೋಗ್ಯ ವಿಭಾಗಕ್ಕೆ ಕರೆದುಕೊಂಡು ಹೋಗಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ನೀವೇ ಫೋನ್ ಮಾಡಿ ಹೇಗೆ ಮುಂದುವರಿಯಬೇಕು ಅಂತ ಕೇಳಬಹುದು. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ.

ಇನ್ನೂ ಒಂದಿದೆ. ತೊಂದರೆ ಇರುವ ಮಗುವನ್ನು ಧ್ಯಾನಕ್ಕೆ ಕೂರಿಸಿದ್ದೇವೆ ಅಂತ ನಮ್ಮ ಜವಾಬ್ದಾರಿ ಮುಗಿಯಿತು ಅಂದುಕೊಳ್ಳುವುದು, ನನ್ನ ಕೆಲಸದಲ್ಲಿ ಅದನ್ನು ಬಹಳ ನೋಡಿದ್ದೇನೆ. ಒಂದು ಶಾಲೆಯಲ್ಲಿ ಮಗುವಿಗೆ ಸಹಪಾಠಿಗಳಿಂದ ಕಿರುಕುಳ ಇತ್ತು. ದೂರು ಹೇಳಿದರೆ "ಉಸಿರು ನೋಡ್ಕೊ, ಇಗ್ನೋರ್ ಮಾಡು" ಅಂದಿದ್ದರು.

ಮೂರನೇಬೆಂಚು

ಮೇಡಂ, ನಾಡಿ ಹಿಡಿದು ಈಗಲೇ ಟ್ರೈ ಮಾಡಿದೆ. ಉಸಿರು ಬಿಡುವಾಗ ನಿಜವಾಗಲೂ ನಿಧಾನ ಆಗುತ್ತೆ. ನಮ್ಮ ಬಯಾಲಜಿ ಪಾಠದಲ್ಲಿ ಇದು ಬಂದಿತ್ತು, ಆದರೆ ನನ್ನ ಕೈಯಲ್ಲೇ ಇದೆ ಅಂತ ಯಾರೂ ಹೇಳಿರಲಿಲ್ಲ.

ಕೋಟೆಕಾಡು

ಎಚ್.ಡಿ. ಕೋಟೆ ಕಡೆಯ ನಿವೃತ್ತ ಮೇಷ್ಟ್ರು. ತಡವಾಗಿ ಓದಿದೆ.

ನಮ್ಮ ತಾಲೂಕಿನಲ್ಲಿ 1995ರಲ್ಲಿ ನಲಿ-ಕಲಿ ಶುರುವಾದಾಗ ಅದಕ್ಕೆ ಪ್ರೇರಣೆ ಆಂಧ್ರದ ಮದನಪಲ್ಲಿ ಹತ್ತಿರದ ರಿಷಿ ವ್ಯಾಲಿಯವರು ಹಳ್ಳಿ ಮಕ್ಕಳಿಗಾಗಿ ನಡೆಸುತ್ತಿದ್ದ ಶಾಲೆಗಳು. ಆ ರಿಷಿ ವ್ಯಾಲಿಯಲ್ಲಿ "ಅಸ್ತಾಚಲ" ಅಂತ ಒಂದು ರೂಢಿ ಇದೆ. ಸಂಜೆ ಮಕ್ಕಳು, ಮೇಷ್ಟ್ರು ಎಲ್ಲ ಹೋಗಿ ಸುಮ್ಮನೆ ಕೂತು ಸೂರ್ಯ ಮುಳುಗುವುದನ್ನು ನೋಡುತ್ತಾರೆ. ಅಷ್ಟೇ. ಇದನ್ನು ಗಮನಿಸು, ಅದನ್ನು ಬಿಡು ಅಂತ ಮೈಕ್‌ನಲ್ಲಿ ಹೇಳುವವರು ಯಾರೂ ಇಲ್ಲ. ಆ ಶಾಲೆ ಕಟ್ಟಿದ ಜಿಡ್ಡು ಕೃಷ್ಣಮೂರ್ತಿಯವರು ಧ್ಯಾನಕ್ಕೆ ಒಂದು ವಿಧಾನ ಅಂತ ಇಟ್ಟುಕೊಳ್ಳುವುದನ್ನೇ ಒಪ್ಪುತ್ತಿರಲಿಲ್ಲ. ಅಂಥವರ ಶಾಲೆಯಲ್ಲಿ ಮಕ್ಕಳು ದಿನಾ ಮೌನವಾಗಿ ಕೂರುತ್ತಾರೆ ಅನ್ನುವುದು ನನಗೆ ಯಾವಾಗಲೂ ತಮಾಷೆ ಅನಿಸಿದೆ.

ನಲಿ-ಕಲಿಯಲ್ಲಿ ಮಕ್ಕಳು ಗುಂಪಾಗಿ ನೆಲದ ಮೇಲೆ ಕೂತು ಕಾರ್ಡು ಹಿಡಿದು ತಮ್ಮಷ್ಟಕ್ಕೆ ತಾವು ಕಲಿಯುತ್ತಿದ್ದರು. ಕೆಲವು ದಿನ ಮಧ್ಯಾಹ್ನ ಮೂವತ್ತು ಮಕ್ಕಳ ರೂಮಿನಲ್ಲಿ ಹತ್ತು ನಿಮಿಷ ಒಂದೂ ಸದ್ದಿರುತ್ತಿರಲಿಲ್ಲ. ಹೊರಗೆ ಹೋಗುವವರು ಮೇಷ್ಟ್ರು ಹೊಡೆದಿದ್ದಾರೆ ಅಂದುಕೊಳ್ಳುತ್ತಿದ್ದರು. ಒಳಗೆ ಬಂದರೆ ಒಂದೊಂದು ಮಗುವೂ ತನ್ನ ಕೆಲಸದಲ್ಲಿ ಮುಳುಗಿರುತ್ತಿತ್ತು. ನಾವು ಅದಕ್ಕೆ ಯಾವ ಹೆಸರೂ ಇಟ್ಟಿರಲಿಲ್ಲ.

ತುಂಗೆದಂಡೆ

ಮೇಷ್ಟ್ರೇ, ಈ ಕೊನೆಯ ಪ್ಯಾರಾವನ್ನು ನಮ್ಮ ಮನೆಯವರಿಗೆ ಓದಿ ಹೇಳಿದೆ. ಅವರೂ ನಲಿ-ಕಲಿ ಶಾಲೆಯವರೇ. "ನನಗೆ ಕಾರ್ಡಿನ ಬಣ್ಣ ಇನ್ನೂ ನೆನಪಿದೆ" ಅಂದರು.

ಚಾಕ್‌ಪೀಸ್ (ಐದು ವಾರದ ನಂತರ)

ಎಲ್ಲರಿಗೂ ಉತ್ತರ ಬರೆಯಲು ತಡವಾಯಿತು. ಪ್ರತಿಭಾ ಕಾರಂಜಿ, ಜೊತೆಗೆ ಕಿರುಪರೀಕ್ಷೆ.

ಈ ಚರ್ಚೆಯನ್ನು ಎಚ್‌ಎಂ ಅವರಿಗೆ ತೋರಿಸಿದೆ. ಕೋಲಿನ ಭಾಗ ಓದಿ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಮಾರನೇ ದಿನ ಪಿ.ಟಿ. ಮೇಷ್ಟ್ರಿಗೆ "ನೀವೂ ಕೂತ್ಕೊಳ್ಳಿ" ಅಂದರು. ಅವರು ಮೊದಲ ದಿನ ಕೂತು ನಿದ್ದೆ ಮಾಡಿದರು, ಮಕ್ಕಳು ನಕ್ಕರು, ಅವರೂ ನಕ್ಕರು. ಅವತ್ತಿಂದ ಏನೋ ಸಡಿಲ ಆಯಿತು.

ಬದಲಾಗಿದ್ದು ಇಷ್ಟು. ಮೈದಾನದಲ್ಲಿ ಬೇಡ ಅಂತ ಮಾಡಿ ಕ್ಲಾಸ್‌ರೂಮಿಗೆ ತಂದೆವು. ಮೈಕ್ ಇಲ್ಲ. ಮೊದಲ ಪಿರಿಯಡ್‌ಗೆ ಬರುವ ಶಿಕ್ಷಕರು ಎರಡು ನಿಮಿಷ ತಾವೂ ಕೂರಬೇಕು, ಹಾಜರಿ ಪುಸ್ತಕ ಮುಚ್ಚಿ. ಕಣ್ಣು ಮುಚ್ಚುವುದು ಅವರವರ ಇಷ್ಟ. ಹೇಳಿಸುವುದು ಏನೂ ಇಲ್ಲ, ಓಂ ಇಲ್ಲ, ಪ್ರಾರ್ಥನೆ ಇಲ್ಲ. ಕೂರಲು ಮನಸ್ಸಿಲ್ಲದವರು ಚಿತ್ರ ಬರೆಯಬಹುದು, ಕಿಟಕಿ ನೋಡಬಹುದು, ಸದ್ದು ಮಾತ್ರ ಬೇಡ. ಶುಕ್ರವಾರ ಕೊನೆಯ ಪಿರಿಯಡ್‌ನಲ್ಲಿ ಅರ್ಧ ಗಂಟೆ ಮಾತು, @ಯಮುನಾತೀರ ಮೇಡಂ ಹೇಳಿದ ಹಾಗೆ. ಎರಡು ಶುಕ್ರವಾರ ಆಯಿತು, ಮೂರನೆಯದನ್ನು ಗಣಿತ ನುಂಗಿತು.

ಫಲ ಏನು ಅಂತ ಕೇಳಿದರೆ ನನ್ನ ಹತ್ತಿರ ಅಂಕಿಅಂಶ ಇಲ್ಲ. ಹತ್ತನೇ ಕ್ಲಾಸಿನವರು ಇನ್ನೂ ಒಬ್ಬರನ್ನೊಬ್ಬರು ಚಿವುಟುತ್ತಾರೆ. ಒಂಬತ್ತರ ಒಬ್ಬ ಹುಡುಗ ಮಾತ್ರ ಟೆಸ್ಟಿಗೆ ಮುಂಚೆ ತಾನಾಗಿ ಮಣಿಕಟ್ಟು ಹಿಡಿದುಕೊಂಡು ಕೂತಿದ್ದು ನೋಡಿದೆ. ನಿಜ ಹೇಳಬೇಕೆಂದರೆ ಹೆಚ್ಚು ಬದಲಾಗಿರುವುದು ನಾನು. ಬಸ್ಸಿನಿಂದ ಇಳಿದು ಓಡಿ ಬಂದು, ಅದೇ ಏದುಸಿರಿನಲ್ಲಿ ಪಾಠ ಶುರು ಮಾಡುತ್ತಿದ್ದವನು ಈಗ ಎರಡು ನಿಮಿಷ ಮಕ್ಕಳ ಮುಖ ನೋಡುತ್ತೇನೆ. ಯಾರು ತಿಂಡಿ ತಿಂದಿಲ್ಲ, ಯಾರು ರಾತ್ರಿ ಅತ್ತಿದ್ದಾರೆ ಕಾಣುತ್ತದೆ. @ಲೀಡ್ಸ್‌ಕನ್ನಡಿಗ ಸರ್, ನಿಮ್ಮ ಆಕ್ಸ್‌ಫರ್ಡ್‌ನವರು ಮೇಷ್ಟ್ರುಗಳ ಬಗ್ಗೆ ಹೇಳಿದ್ದು ಸರಿ ಇರಬಹುದು.

ಆ ಹುಡುಗಿ ವಾಪಸ್ ಬಂದಳು. ಹಿಂದಿ ಮೇಡಂ ಊಟದ ನಂತರ ಅವಳ ಜೊತೆ ಕೂರುತ್ತಾರೆ. ಜಿಲ್ಲಾ ಆಸ್ಪತ್ರೆಗೆ ಒಮ್ಮೆ ಹೋಗಿ ಬಂದಿದ್ದಾರೆ, ಇನ್ನೊಮ್ಮೆ ಹೋಗಬೇಕು. ಅವಳಿಗೆ ಕೂರುವುದು ಬೇಡ ಅಂದೆ. "ಹಾಗಾದ್ರೆ ನಾನು ಬೆಲ್ ಹೊಡೀತೀನಿ ಸರ್" ಅಂದಳು. ಈಗ ಬೆಳಿಗ್ಗೆ ಆ ಎರಡು ನಿಮಿಷ ಶುರುವಾಗುವುದು, ಮುಗಿಯುವುದು ಎರಡಕ್ಕೂ ಅವಳದೇ ಬೆಲ್. ಗಡಿಯಾರ ನೋಡುತ್ತಾ ವರಾಂಡದಲ್ಲಿ ನಿಂತಿರುತ್ತಾಳೆ. ಕೆಲವು ದಿನ ಎರಡು ನಿಮಿಷ ನಾಲ್ಕಾಗುತ್ತದೆ. ಹೋಗಿ ಕೇಳಿದರೆ "ಮರದಲ್ಲಿ ಅಳಿಲು ಇತ್ತು ಸರ್, ಮರೆತೇಹೋಯ್ತು" ಅನ್ನುತ್ತಾಳೆ.

ಕಿವಿಗೊಡುವವಳು

ಮರೆಯಲಿ ಬಿಡಿ ಮೇಷ್ಟ್ರೇ. ಆಸ್ಪತ್ರೆಯ ಎರಡನೇ ಭೇಟಿ ಮಾತ್ರ ಮರೆಯಬೇಡಿ.

ಬೇಲೂರುರಸ್ತೆ

ನಮ್ಮ ಕಡೆಯದ್ದೂ ಹೇಳಿಬಿಡುತ್ತೇನೆ. ಸಭೆಯಲ್ಲಿ ನಾವು ಮೂವರು ಕೇಳಿದೆವು. ಮೊದಲು ಮಾತಾಡಿದ್ದು ಪಕ್ಕದ ಮನೆಯ ಲಲಿತಕ್ಕ, @ಖಾರಾಮಂಡಕ್ಕಿ ಅವರ ಸಲಹೆ. ಓಂಕಾರ ಇನ್ನೂ ಇದೆ, ಆದರೆ "ಇಷ್ಟ ಇದ್ದವರು" ಅಂತ ಸೇರಿಸಿದ್ದಾರೆ. ಮಗಳು ತುಟಿ ಆಡಿಸುವುದು ಬಿಟ್ಟಿದ್ದಾಳೆ. ಅವಳ ಪಕ್ಕ ಕೂರುವ ಹುಡುಗಿಯೂ ಬಿಟ್ಟಿದ್ದಾಳಂತೆ, ಅವಳು ಹಿಂದೂನೇ. "ಯಾಕೆ" ಅಂದರೆ "ನಂಗೂ ಬೋರು" ಅಂದಳಂತೆ.